ಕಾಲಿಂಗ್‌ವುಡ್ ಬ್ಯಾಕ್‌ಲೈನ್ 2024: ಪದೇ ಪದೇ ಕೇಳುವ ಪ್ರಶ್ನೆಗಳು

ಮೆಲ್ಬರ್ನ್‌ಗೆ ಹೊಸದಾಗಿ ಬಂದ ನಮ್ಮವರಿಗೆ ಮಾರ್ಚ್ ತಿಂಗಳು ಸ್ವಲ್ಪ ಕಷ್ಟ. ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಫುಟಿ, ಅಂದರೆ ಆಸ್ಟ್ರೇಲಿಯನ್ ಫುಟ್‌ಬಾಲ್. ಟಿಪ್ಪಿಂಗ್‌ಗೆ (ಯಾರು ಗೆಲ್ಲುತ್ತಾರೆ ಅಂತ ಊಹಿಸುವ ಆಟ) ಹೆಸರು ಕೊಡಿ ಅಂತಾರೆ, ನಿಮ್ಮ ಟೀಮ್ ಯಾವುದು ಅಂತಾರೆ. ನಮಗೆ ತಲೆಬುಡ ಗೊತ್ತಿರಲ್ಲ. ನನಗೂ ಹಾಗೇ ಆಗಿತ್ತು. ಈಗ ನಾನು ಇಲ್ಲಿನ ಕಾಲಿಂಗ್‌ವುಡ್ ಕ್ಲಬ್ ಕಡೆ. ಯಾಕೆ ಅಂತ ಕೇಳಬೇಡಿ, ಮೊದಲ ವರ್ಷ ಪಕ್ಕದ ಟೇಬಲ್ಲಿನವರು ಒಂದು ಕಪ್ಪು ಬಿಳಿ ಮಫ್ಲರ್ ಕೊಟ್ಟರು, ಅಷ್ಟೇ ಕಥೆ.

ಗೋಲು ಹೊಡೆಯುವವರ ಬಗ್ಗೆ ಎಲ್ಲರೂ ಬರೆಯುತ್ತಾರೆ. ನನ್ನನ್ನು ಮನೆಗೆ ಬಂದವರು ಕೇಳುವುದು ಹಿಂದೆ ನಿಂತು ಗೋಲು ಕಾಯುವ ಡಿಫೆಂಡರ್‌ಗಳ ಬಗ್ಗೆ, ಯಾಕೆಂದರೆ ನಾನು ಟಿವಿ ಮುಂದೆ ಕೂತು ಕಿರುಚುವುದು ಅವರ ಹೆಸರನ್ನೇ. 2024ರ ಸೀಸನ್ ಶುರುವಾಗುವ ಮುಂಚೆ ಆ ಪ್ರಶ್ನೆಗಳಿಗೆಲ್ಲ ಒಂದೇ ಕಡೆ ಉತ್ತರ ಬರೆದಿಟ್ಟಿದ್ದೇನೆ. ಆಟಗಾರರನ್ನು ಏಕವಚನದಲ್ಲಿ ಕರೆದಿದ್ದು ಅಭಿಮಾನಿಯ ಸಲಿಗೆ, ಬೇಜಾರು ಮಾಡ್ಕೋಬೇಡಿ.

ಮೊದಲು ಇದು ಹೇಳಿ: ಈ ಆಟದಲ್ಲಿ ಡಿಫೆಂಡರ್ ಮಾಡುವ ಕೆಲಸ ಏನು?

ಮೈದಾನದಲ್ಲಿ ಒಂದು ತಂಡಕ್ಕೆ 18 ಜನ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಚೆಂಡನ್ನು ಒದ್ದರೆ ಗೋಲು, 6 ಅಂಕ. ಪಕ್ಕದ ಚಿಕ್ಕ ಕಂಬದ ಕಡೆ ಜಾರಿದರೆ ಬಿಹೈಂಡ್, 1 ಅಂಕ. ಕನಿಷ್ಠ 15 ಮೀಟರ್ ಹಾರಿ ಬಂದ ಒದೆತವನ್ನು ನೆಲ ಮುಟ್ಟುವ ಮುಂಚೆ ಹಿಡಿದರೆ ಅದು ಮಾರ್ಕ್. ಮಾರ್ಕ್ ಹಿಡಿದವನನ್ನು ಯಾರೂ ಮುಟ್ಟುವಂತಿಲ್ಲ, ಅವನು ಆರಾಮಾಗಿ ಒದೆಯಬಹುದು.

ಹಾಗಾಗಿ ಡಿಫೆಂಡರ್ ಮಾಡಬೇಕಾದ ಮೊದಲ ಕೆಲಸ, ಎದುರಾಳಿ ಫಾರ್ವರ್ಡ್ (ಗೋಲು ಹೊಡೆಯಲು ಮುಂದೆ ನಿಲ್ಲುವವನು) ಗೋಲಿನ ಹತ್ತಿರ ಮಾರ್ಕ್ ಹಿಡಿಯದಂತೆ ನೋಡಿಕೊಳ್ಳುವುದು. ಮುಷ್ಟಿ ಕಟ್ಟಿ ಚೆಂಡಿಗೆ ಗುದ್ದಿ ಆಚೆ ಕಳಿಸುವುದಕ್ಕೆ ಸ್ಪಾಯಿಲ್ ಅಂತಾರೆ. ಚೆಂಡಿಗೆ ಗುದ್ದಬಹುದು, ಆಳಿನ ಕೈಗೆ ಹೊಡೆಯುವಂತಿಲ್ಲ. ಎರಡನೇ ಕೆಲಸ ಇನ್ನೂ ಚೆನ್ನಾಗಿದೆ: ಆ ಚೆಂಡನ್ನು ತಾನೇ ಹಿಡಿದು ಆಟವನ್ನು ಉಲ್ಟಾ ತಿರುಗಿಸುವುದು. ಇದು ಇಂಟರ್‌ಸೆಪ್ಟ್ ಮಾರ್ಕ್. ಈಗಿನ ಕಾಲದಲ್ಲಿ ಪಂದ್ಯ ಗೆಲ್ಲಿಸುವುದು ಇದೇ ಅಂತ ನನ್ನ ನಂಬಿಕೆ.

ಬೇಕಂತಲೇ ಚೆಂಡನ್ನು ಗೆರೆ ದಾಟಿಸಿ 1 ಅಂಕ ಬಿಟ್ಟುಕೊಡಬಹುದಾ? 6 ಉಳಿಯುತ್ತಲ್ಲ?

ಒಳ್ಳೆ ಲೆಕ್ಕ. ಹಿಂದೆ ಹಾಗೇ ಮಾಡುತ್ತಿದ್ದರು. 2008ರಲ್ಲಿ ಇದು ವಿಪರೀತಕ್ಕೆ ಹೋಯಿತು. 2009ರಿಂದ, ಒತ್ತಡವಿಲ್ಲದೆ ಬೇಕಂತಲೇ ದಾಟಿಸಿದರೆ ಎದುರಾಳಿಗೆ ಫ್ರೀ ಕಿಕ್, ಅದೂ ಗೋಲಿನ ಬಾಯಲ್ಲೇ. ಮೈಮೇಲೆ ಆಳು ಬಿದ್ದಾಗ ದಾಟಿಸಿದರೆ ಈಗಲೂ ನಡೆಯುತ್ತದೆ.

ಕಾಲಿಂಗ್‌ವುಡ್ ಹಿಂದಿನ ಸಾಲಿನಲ್ಲಿ ಯಾರ್ಯಾರಿದ್ದಾರೆ?

2023ರಲ್ಲಿ ಕಪ್ ಗೆದ್ದ ಸಾಲು ಹೆಚ್ಚುಕಡಿಮೆ ಹಾಗೇ ಉಳಿದಿದೆ. ಡಾರ್ಸಿ ಮೂರ್, ಕ್ಯಾಪ್ಟನ್, ಎತ್ತರ 203 ಸೆಂಟಿಮೀಟರ್. ಜೆರೆಮಿ ಹೌ, 33 ವಯಸ್ಸು, ಹಾರುವುದರಲ್ಲಿ ಎತ್ತಿದ ಕೈ. ಬ್ರೇಡನ್ ಮೇನಾರ್ಡ್, ಗೂಳಿ. ಐಸಾಕ್ ಕ್ವೇನರ್, ಘಾನಾ ಮೂಲದ ಅಪ್ಪನ ಮಗ, ಚುರುಕಾದ ಚಿಕ್ಕ ಫಾರ್ವರ್ಡ್‌ಗಳನ್ನು ಹಿಡಿದಿಡುವ ಹುಡುಗ. ಒಲೆಗ್ ಮಾರ್ಕೋವ್, ಓಟಗಾರ. ಬಿಲ್ಲಿ ಫ್ರಾಂಪ್ಟನ್, ಎಲ್ಲಿ ಬೇಕಾದರೂ ನಿಲ್ಲಿಸಬಹುದಾದ ಉದ್ದನೆ ಆಳು. ಜಾನ್ ನೋಬಲ್. ಇನ್ನೂ ಒಂದೂ ಸೀನಿಯರ್ ಪಂದ್ಯ ಆಡದ ಚಾರ್ಲಿ ಡೀನ್. ಮತ್ತೆ ನೇಥನ್ ಮರ್ಫಿ, ಅವನ ವಿಷಯ ಕೆಳಗೆ ಬೇರೆಯಾಗಿಯೇ ಬರೆದಿದ್ದೇನೆ.

ಇವರಲ್ಲಿ ಹೌ ಕಥೆ ಹೇಳದೆ ಮುಂದೆ ಹೋಗಲಾರೆ. ಮೆಲ್ಬರ್ನ್ ಕ್ಲಬ್‌ನಲ್ಲಿದ್ದಾಗ 2012ರಲ್ಲಿ ವರ್ಷದ ಅತ್ಯುತ್ತಮ ಮಾರ್ಕ್ ಅವನದಾಗಿತ್ತು. ಆಮೇಲೆ ಇಲ್ಲಿಗೆ ಬಂದು ಹಿಂದಿನ ಸಾಲಿನವನಾದ. 2023ರ ಮೊದಲ ಪಂದ್ಯದಲ್ಲೇ, ಜೀಲಾಂಗ್ ವಿರುದ್ಧ, ಮೇಲಿಂದ ಬಿದ್ದು ಕೈ ಮುರಿಯಿತು. ಟಿವಿಯವರು ಆ ದೃಶ್ಯವನ್ನು ಮತ್ತೆ ತೋರಿಸಲು ಹಿಂದೆಮುಂದೆ ನೋಡುವಂಥ ಮುರಿತ. ಅದೇ ವರ್ಷ ವಾಪಸ್ ಬಂದ, ಕಪ್ ಯಾರಿಗೆ ಅಂತ ತೀರ್ಮಾನಿಸುವ ಗ್ರ್ಯಾಂಡ್ ಫೈನಲ್ ಆಡಿದ. ಈಗಲೂ ಅದೇ ಎತ್ತರಕ್ಕೆ ಹಾರುತ್ತಾನೆ. ಬಿದ್ದ ನೆನಪಿರುವವರು ಹಾಗೆ ಹಾರುವುದು ನನಗೆ ಅರ್ಥವಾಗುವುದಿಲ್ಲ.

ಮಾರ್ಕೋವ್‌ದು ಇನ್ನೊಂದು ಥರ. ಹುಟ್ಟಿದ್ದು ಬೆಲಾರುಸ್‌ನಲ್ಲಿ. ಅಪ್ಪ ಡಿಮಿಟ್ರಿ ಮಾರ್ಕೋವ್ 2001ರಲ್ಲಿ ಎಡ್ಮಂಟನ್‌ನಲ್ಲಿ 6.05 ಮೀಟರ್ ಹಾರಿ ಆಸ್ಟ್ರೇಲಿಯಾಕ್ಕೆ ಪೋಲ್ ವಾಲ್ಟ್ ವಿಶ್ವ ಚಾಂಪಿಯನ್ ಪಟ್ಟ ತಂದವರು. ಮಗ ರಿಚ್ಮಂಡ್‌ನಲ್ಲಿದ್ದ, ಗೋಲ್ಡ್ ಕೋಸ್ಟ್‌ಗೆ ಹೋದ, ಅಲ್ಲಿಂದ ಕೈಬಿಟ್ಟರು. 2023ರ ಸೀಸನ್ ಶುರುವಾಗುವ ಹೊತ್ತಿಗೆ ಕಾಲಿಂಗ್‌ವುಡ್ ಖಾಲಿ ಇದ್ದ ಒಂದು ಜಾಗಕ್ಕೆ ಕರೆದುಕೊಂಡಿತು. ಸೆಪ್ಟೆಂಬರ್‌ನಲ್ಲಿ ಕೊರಳಲ್ಲಿ ಪದಕ.

ಮೂರ್ ಅಷ್ಟೊಂದು ದೊಡ್ಡ ಆಟಗಾರ ಹೇಗೆ? ಅವನು ಸುಮ್ನೆ ನಿಂತಿರ್ತಾನಲ್ಲ?

ಈ ಪ್ರಶ್ನೆ ಕೇಳಿದವರು ನನ್ನ ಹೆಂಡತಿ. ಅವರು ಹೇಳಿದ್ದು ಅರ್ಧ ನಿಜ.

ಹಳೇ ಕಾಲದ ಫುಲ್ ಬ್ಯಾಕ್, ಅಂದರೆ ಗೋಲಿನ ಮುಂದೆ ನಿಲ್ಲುವ ಡಿಫೆಂಡರ್, ಒಬ್ಬ ಫಾರ್ವರ್ಡ್‌ಗೆ ಅಂಟಿಕೊಂಡೇ ಇರುತ್ತಿದ್ದ. ಅವನು ಹೋದ ಕಡೆ ಇವನು. ಮೂರ್ ಹಾಗಲ್ಲ. ಅವನು ತನ್ನ ಆಳಿನಿಂದ ನಾಲ್ಕೈದು ಹೆಜ್ಜೆ ದೂರ ನಿಂತು ಚೆಂಡು ಬರುವ ದಾರಿ ನೋಡುತ್ತಾನೆ. ಒದೆಯುವವನ ಭುಜ ಯಾವ ಕಡೆ ತಿರುಗಿತು, ಒತ್ತಡದಲ್ಲಿದ್ದಾನಾ, ಉದ್ದಕ್ಕೆ ಒದೆಯುತ್ತಾನಾ, ಇದೆಲ್ಲ. ಚೆಂಡು ಕಾಲು ಬಿಟ್ಟ ತಕ್ಷಣ ತನ್ನ ಆಳನ್ನು ಅಲ್ಲೇ ಬಿಟ್ಟು ಓಡುತ್ತಾನೆ. ಬೇರೆ ಯಾರದೋ ಜಗಳದ ಮಧ್ಯೆ ನುಗ್ಗಿ ಚೆಂಡು ಹಿಡಿಯುತ್ತಾನೆ. ನೋಡುವವರಿಗೆ ಸುಮ್ನೆ ನಿಂತಂತೆ, ಆಮೇಲೆ ಎಲ್ಲಿಂದಲೋ ಪ್ರತ್ಯಕ್ಷವಾದಂತೆ ಕಾಣುತ್ತದೆ.

ಕಬಡ್ಡಿ ನೋಡಿದವರಿಗೆ ಇದು ಬೇಗ ಹತ್ತುತ್ತದೆ. ರೇಡರ್ ಬಂದಾಗ ಕವರ್‌ನಲ್ಲಿರುವವನು ಮುಂದೆ ನುಗ್ಗಬೇಕು ಅಂದರೆ ಪಕ್ಕದವನು ಬೆನ್ನಿಗೇ ಬರಬೇಕು. ಚೈನ್ ಕಳಚಿದರೆ ನುಗ್ಗಿದವನೇ ಔಟ್. ಇಲ್ಲೂ ಅದೇ. ಮೂರ್ ಬಿಟ್ಟುಬಂದ ಆಳನ್ನು ಇನ್ನೊಬ್ಬ ತಗೋಬೇಕು, ಆ ಇನ್ನೊಬ್ಬನ ಆಳನ್ನು ಮೂರನೆಯವನು. ಎರಡು ಸೆಕೆಂಡಿನಲ್ಲಿ ಮೂರು ಜನ ಜಾಗ ಬದಲಿಸುತ್ತಾರೆ. ಮೂರ್ ಚೆಂಡು ಹಿಡಿದಾಗ ಹೆಸರು ಅವನಿಗೆ. ತಪ್ಪಿದಾಗ ಬಯ್ಗುಳ ಯಾರಿಗೋ.

ಸೀಸನ್‌ಗೆ ಮುಂಚೆ ಒಲಿಂಪಿಕ್ ಪಾರ್ಕ್ ಓವಲ್‌ನ ಬೇಲಿ ಹೊರಗೆ ನಿಂತು ಅವರ ಪ್ರಾಕ್ಟೀಸ್ ನೋಡಬಹುದು. ನಾನು ಒಂದು ಬೆಳಿಗ್ಗೆ ಹೋಗಿದ್ದೆ. ದೂರದಿಂದ ಒಬ್ಬ ಕೋಚ್ ಚೆಂಡು ಒದೆಯುತ್ತಾ ಇದ್ದ, ಹಿಂದಿನವರು ಅದಕ್ಕೆ ತಕ್ಕಂತೆ ಸರಿಯುತ್ತಾ ಇದ್ದರು. ನನಗೆ ಮೊದಲು ಬಿದ್ದದ್ದು ಕಣ್ಣಿಗಲ್ಲ, ಕಿವಿಗೆ. ಒಂದು ಕ್ಷಣ ಬಿಡದೆ ಮಾತು. ನಿನ್ನ ಎಡಕ್ಕೆ, ನಂದು ನಂದು, ಹೋಗು, ಇರು. ಸಂತೆಯಲ್ಲಿ ಕೂಗಿದ ಹಾಗೆ. ಅದರ ಮಧ್ಯೆ ಮುಷ್ಟಿ ಚೆಂಡಿಗೆ ಬಿದ್ದ ಸದ್ದು, ಒದ್ದೆ ಬಟ್ಟೆಯನ್ನು ಒಗೆಯುವ ಕಲ್ಲಿಗೆ ಒಗೆದಂತೆ. ಟಿವಿಯಲ್ಲಿ ಇವೆರಡೂ ಕೇಳಿಸುವುದಿಲ್ಲ. ಟಿವಿ ನೋಡಿ ಡಿಫೆನ್ಸ್ ಕಲಿಯುವುದು ಕಷ್ಟ ಅನ್ನುವುದು ಇದಕ್ಕೇ.

ಹಾಗಾದರೆ ಎಲ್ಲರೂ ಮರ್ಫಿ ಮರ್ಫಿ ಅಂತ ಯಾಕೆ ಅನ್ನುತ್ತಾರೆ? ಅವನು ಸ್ಟಾರ್ ಅಲ್ಲವಲ್ಲ?

ನನ್ನ ಪ್ರಕಾರ ಈ ಸೀಸನ್ನಿನ ಮುಖ್ಯ ಪ್ರಶ್ನೆ ಇದೇ.

ನೇಥನ್ ಮರ್ಫಿ ಮೂರ್‌ಗಿಂತ ಸಾಕಷ್ಟು ಕುಳ್ಳ. ಹುಡುಗನಾಗಿದ್ದಾಗ ಕ್ರಿಕೆಟ್ಟಿನಲ್ಲೂ ಹೆಸರು ಮಾಡಿದ್ದ. ಅವನ ಎತ್ತರ ನೋಡಿದರೆ ದೊಡ್ಡ ಫಾರ್ವರ್ಡ್‌ಗಳ ಎದುರು ನಿಲ್ಲುವ ಆಳೇ ಅಲ್ಲ ಅನ್ನಿಸುತ್ತದೆ. ಆದರೂ ನಿಲ್ಲುತ್ತಿದ್ದ. ಮೇಲೆ ನೋಡುತ್ತಾ, ಹಿಂದೆ ಏನು ಬರುತ್ತಿದೆ ಅಂತ ನೋಡದೆ, ಚೆಂಡಿನ ಕೆಳಗೆ ನುಗ್ಗುತ್ತಿದ್ದ. ಮೂರ್ ಧೈರ್ಯವಾಗಿ ತನ್ನ ಆಳನ್ನು ಬಿಟ್ಟು ಓಡಲು ಆಗುತ್ತಿದ್ದದ್ದು ಹಿಂದೆ ಇಂಥವನೊಬ್ಬ ಇದ್ದ ಅನ್ನುವ ಕಾರಣಕ್ಕೆ. ಮೇಲೆ ಹೇಳಿದ ಚೈನ್‌ನ ಎರಡನೇ ಕೊಂಡಿ ಅವನು.

2023ರ ಸೆಪ್ಟೆಂಬರ್ 30ರ ಗ್ರ್ಯಾಂಡ್ ಫೈನಲ್‌ನಲ್ಲಿ, ಶುರುವಿನಲ್ಲೇ ಅವನ ತಲೆಗೆ ಪೆಟ್ಟು ಬಿತ್ತು. ಕನ್ಕಷನ್. ಮತ್ತೆ ಮೈದಾನಕ್ಕೆ ಬರಲಿಲ್ಲ. ಅವನಿಗೆ ಇದು ಮೊದಲ ಸಲವೂ ಅಲ್ಲ. ಈಗ ಲೀಗಿನ ನಿಯಮದ ಪ್ರಕಾರ ತಲೆಗೆ ಪೆಟ್ಟಾದವರು ಕನಿಷ್ಠ 12 ದಿನ ಆಡುವಂತಿಲ್ಲ. ಆದರೆ ಪದೇ ಪದೇ ಆದವರ ವಿಷಯ ದಿನದ ಲೆಕ್ಕದಲ್ಲಿ ಮುಗಿಯುವುದಿಲ್ಲ, ಡಾಕ್ಟರುಗಳು ಕೂತು ನಿರ್ಧರಿಸಬೇಕು. ಹೊಸ ಸೀಸನ್ ಹೊಸ್ತಿಲಲ್ಲಿ ಅವನಿಲ್ಲದೆಯೇ ತಂಡ ಕಟ್ಟಬೇಕಾಗಿದೆ.

ಬೇರೆಯವರು ಎತ್ತರದ ಲೆಕ್ಕ ಹಾಕುತ್ತಿದ್ದಾರೆ. ಫ್ರಾಂಪ್ಟನ್ ಇದ್ದಾನೆ, ಡೀನ್ ಇದ್ದಾನೆ, ಮರ್ಫಿಗಿಂತ ಉದ್ದ ಇದ್ದಾರೆ, ಏನು ತೊಂದರೆ ಅಂತ. ಎತ್ತರ ಸಿಗುತ್ತದೆ ರೀ. ಮೂರ್ ಕಣ್ಣು ಮುಚ್ಚಿ ನಂಬುವ ಆಳು ಸಿಗಬೇಕಲ್ಲ? ಆ ನಂಬಿಕೆ ಎರಡು ವರ್ಷ ಜೊತೆಯಲ್ಲಿ ಆಡಿದ ಮೇಲೆ ಬಂದದ್ದು. ಹೊಸಬನ ಜೊತೆ ಮೂರ್ ಒಂದು ಹೆಜ್ಜೆ ತಡಮಾಡಿದರೂ ಸಾಕು, ಇಂಟರ್‌ಸೆಪ್ಟ್ ಆಗಬೇಕಿದ್ದದ್ದು ಬರೀ ಸ್ಪಾಯಿಲ್ ಆಗುತ್ತದೆ.

ಫ್ರಾಂಪ್ಟನ್ ಡಿಫೆಂಡರಾ, ಫಾರ್ವರ್ಡಾ? ಗ್ರ್ಯಾಂಡ್ ಫೈನಲ್‌ನಲ್ಲಿ ಮುಂದೆ ಇದ್ದ.

ಹೌದು, ಇದೊಂದು ತಮಾಷೆ. ಬ್ರಿಸ್ಬೇನ್‌ನ ಹ್ಯಾರಿಸ್ ಆಂಡ್ರೂಸ್ ಕೂಡ ಮೂರ್ ಥರದ ಡಿಫೆಂಡರ್, ಆಳು ಬಿಟ್ಟು ಚೆಂಡಿಗೆ ಹೋಗುವವನು. ಕೋಚ್ ಕ್ರೇಗ್ ಮೆಕ್ರೇ ಏನು ಮಾಡಿದರು ಅಂದರೆ, ಫ್ರಾಂಪ್ಟನ್‌ನನ್ನು ಫಾರ್ವರ್ಡ್ ಆಗಿ ಕಳಿಸಿ ಆಂಡ್ರೂಸ್‌ಗೆ ಅಂಟಿಸಿದರು. ಗೋಲು ಹೊಡೆಯಲು ಅಲ್ಲ, ಅವನನ್ನು ಅಡ್ಡಾಡಲು ಬಿಡದಿರಲು. ಡಿಫೆಂಡರ್‌ಗೇ ಡಿಫೆಂಡರ್ ಕಾವಲು. ಅಂಕಪಟ್ಟಿಯಲ್ಲಿ ಕಾಣುವುದಿಲ್ಲ, ಆದರೆ 4 ಅಂಕದಲ್ಲಿ ಗೆದ್ದ ಪಂದ್ಯದಲ್ಲಿ ಇದಕ್ಕೆ ಬೆಲೆ ಇಲ್ಲ ಅನ್ನಲಾಗುತ್ತಾ? ಈ ವರ್ಷ ಅವನನ್ನು ಹಿಂದೆಯೇ ಜಾಸ್ತಿ ನೋಡುತ್ತೇವೆ ಅಂತ ನನ್ನ ಅಂದಾಜು.

ಮೇನಾರ್ಡ್ ಕೆಟ್ಟವನಾ? ಮಗ ಕೇಳ್ತಾನೆ.

ಮಕ್ಕಳಿಗೆ ಉತ್ತರಿಸಲು ಕಷ್ಟದ ಪ್ರಶ್ನೆ. 2023ರ ಸೆಪ್ಟೆಂಬರ್ 7ರಂದು ಮೆಲ್ಬರ್ನ್ ಕ್ಲಬ್ ವಿರುದ್ಧದ ಫೈನಲ್ಸ್ (ಲೀಗ್ ಹಂತ ಮುಗಿದ ಮೇಲೆ ಕಪ್‌ಗಾಗಿ ನಡೆಯುವ ಸುತ್ತುಗಳು) ಪಂದ್ಯದಲ್ಲಿ, ಅವರ ಆಂಗಸ್ ಬ್ರೇಶಾ ಒದೆಯುವಾಗ ಚೆಂಡನ್ನು ಅಡ್ಡಗಟ್ಟಲು ಮೇನಾರ್ಡ್ ಹಾರಿದ. ಚೆಂಡು ದಾಟಿ ಹೋಯಿತು, ಹಾರಿದವನು ನಿಲ್ಲಲಾಗಲಿಲ್ಲ, ಭುಜ ಬ್ರೇಶಾ ತಲೆಗೆ ಬಡಿಯಿತು. ಬ್ರೇಶಾ ಪ್ರಜ್ಞೆ ತಪ್ಪಿದ. ಲೀಗಿನ ಶಿಸ್ತು ಟ್ರಿಬ್ಯೂನಲ್ ಮೇನಾರ್ಡ್‌ನನ್ನು ಖುಲಾಸೆ ಮಾಡಿತು, ಅವನು ಕಪ್ ಗೆದ್ದ. ಬ್ರೇಶಾ 2024ರ ಫೆಬ್ರವರಿಯಲ್ಲಿ, ತಲೆಯ ಸ್ಕ್ಯಾನ್‌ಗಳ ನಂತರ, ಆಟಕ್ಕೇ ವಿದಾಯ ಹೇಳಬೇಕಾಯಿತು.

ಬೇಕಂತ ಮಾಡಿದ್ದು ಅಂತ ನಾನು ನಂಬಲ್ಲ. ಆದರೆ ನಮ್ಮ ಟೀಮಿನವನು ಅಂತ ಆ ಘಟನೆಯನ್ನು ಸಣ್ಣದು ಮಾಡಿ ಮಾತಾಡಲು ನಾಲಿಗೆ ಏಳುವುದಿಲ್ಲ. 2024ಕ್ಕೆ ಲೀಗ್ ನಿಯಮ ಬಿಗಿ ಮಾಡಿದೆ. ಹೀಗೆ ಹಾರಿ ತಲೆಗೆ ಪೆಟ್ಟು ಕೊಟ್ಟರೆ ಇನ್ನುಮುಂದೆ ಹೊಣೆ ಹಾರಿದವನ ಮೇಲೆ ಬೀಳುವುದೇ ಜಾಸ್ತಿ. ಮೇನಾರ್ಡ್ ಆಟವೇ ಮೈಮೇಲೆ ಬೀಳುವ ಆಟ. ಅವನು ಎಷ್ಟು ಹಿಡಿತದಲ್ಲಿ ಆಡುತ್ತಾನೆ ಅಂತ ನೋಡಬೇಕು. ಮಗನಿಗೆ ನಾನು ಹೇಳಿದ್ದು: ಕೆಟ್ಟವನಲ್ಲ, ಆದರೆ ಆ ದಿನ ಆದದ್ದು ಕೆಟ್ಟದ್ದು.

ಈ ಕ್ಲಬ್ಬಿನಲ್ಲಿ ಎಲ್ಲರೂ ಯಾರದೋ ಮಕ್ಕಳೇ ಯಾಕೆ? ಶಿಫಾರಸ್ಸಾ?

ಶಿಫಾರಸ್ಸಲ್ಲ, ನಿಯಮವೇ ಇದೆ. ಅಪ್ಪ ಒಂದು ಕ್ಲಬ್‌ಗೆ 100 ಸೀನಿಯರ್ ಪಂದ್ಯ ಆಡಿದ್ದರೆ ಮಗನನ್ನು ಡ್ರಾಫ್ಟ್‌ನಲ್ಲಿ (ಕ್ಲಬ್‌ಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವ ಪದ್ಧತಿ) ಆರಿಸಿಕೊಳ್ಳಲು ಆ ಕ್ಲಬ್‌ಗೆ ಮೊದಲ ಹಕ್ಕು. ಮೂರ್ ಹಾಗೆ 2014ರಲ್ಲಿ ಬಂದ. ಆಗ ಅವನು ಫಾರ್ವರ್ಡ್, ಆಮೇಲೆ ಹಿಂದಕ್ಕೆ ಕಳಿಸಿದರು. ಅಪ್ಪ ಪೀಟರ್ ಮೂರ್ ಎರಡು ಸಲ, 1979 ಮತ್ತು 1984ರಲ್ಲಿ, ಲೀಗಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕ ಗೆದ್ದವರು. ಆದರೆ ಕಪ್ ಮಾತ್ರ ಕೈಗೆ ಸಿಗಲಿಲ್ಲ. 1981ರಲ್ಲಿ ಕ್ಯಾಪ್ಟನ್ ಆಗಿ ಗ್ರ್ಯಾಂಡ್ ಫೈನಲ್ ಸೋತಾಗ ಸೋತವರಿಗೆ ಕೊಟ್ಟ ಪದಕವನ್ನು ಮೈದಾನದಲ್ಲೇ ಎಸೆದುಬಿಟ್ಟರು. 42 ವರ್ಷದ ಮೇಲೆ ಮಗ, ಅಪ್ಪನದೇ 30ನೇ ನಂಬರ್ ಹಾಕಿಕೊಂಡು, ಕ್ಯಾಪ್ಟನ್ ಆಗಿ ಕಪ್ ಎತ್ತಿದ. ಅವತ್ತು ನಮ್ಮ ಮನೆಯಲ್ಲಿ ಬಿಸಿಬೇಳೆಬಾತ್ ತಳ ಹಿಡಿಯಿತು, ಯಾರೂ ಬಯ್ಯಲಿಲ್ಲ.

ನಿಕ್ ಡೇಕೋಸ್‌ನನ್ನು ಮತ್ತೆ ಹಿಂದೆ ನಿಲ್ಲಿಸಿದರೆ ಒಳ್ಳೆದಲ್ವಾ?

2022ರಲ್ಲಿ ಅವನು ಹಾಫ್ ಬ್ಯಾಕ್‌ನಲ್ಲೇ (ಹಿಂದಿನ ಸಾಲು ಮತ್ತು ನಡುವಿನವರ ಮಧ್ಯದ ಜಾಗ) ಆಡಿ ಹೊಸಬರ ರೈಸಿಂಗ್ ಸ್ಟಾರ್ ಪ್ರಶಸ್ತಿ ಗೆದ್ದ, ನಿಜ. ಆದರೆ ಅವನು ನಡುವಿನ ಆಟಗಾರ. ಹಿಂದೆ ನಿಲ್ಲಿಸುವುದು ಅಂದರೆ ಅಡುಗೆ ಭಟ್ಟರನ್ನು ತರಕಾರಿ ಹೆಚ್ಚಲು ಕೂರಿಸಿದ ಹಾಗೆ. ಚೆನ್ನಾಗಿಯೇ ಹೆಚ್ಚುತ್ತಾರೆ, ಆದರೂ. ಅಣ್ಣ ಜಾಶ್‌ನನ್ನು ಬೇಕಾದರೆ ಹಿಂದಕ್ಕೆ ತರಬಹುದು. ಅವನ ಒದೆತ ನಿಖರ, ಓಟ ಇದೆ.

ನೋಬಲ್‌ಗೆ ಅನ್ಯಾಯ ಆಯ್ತಾ?

2023ರ ಲೀಗ್ ಹಂತವಿಡೀ ಆಡಿ, ಫೈನಲ್ಸ್‌ಗೆ ಮುಂಚೆ ಹೊರಬಿದ್ದ. ಕಪ್ ಗೆದ್ದಾಗ ಅವನಿಗೆ ಪದಕ ಇಲ್ಲ, ಯಾಕೆಂದರೆ ಫೈನಲ್ ದಿನ ಆಡಿದವರಿಗೆ ಮಾತ್ರ ಪದಕ. ಅನ್ಯಾಯ ಅಂತ ಹೇಳಲಾರೆ, ಹೊಟ್ಟೆ ಉರಿದಿರುತ್ತದೆ ಅಂತ ಹೇಳಬಲ್ಲೆ. ಈ ಸೀಸನ್ನಿನಲ್ಲಿ ಹಸಿದು ಆಡುವವನು ಯಾರು ಅಂತ ಟಿಪ್ ಕೇಳಿದರೆ ನನ್ನ ಹೆಸರು ಇವನದು.

ಹೊಸದಾಗಿ ಯಾರು ಬಂದಿದ್ದಾರೆ?

ಹಿಂದಿನ ಸಾಲಿಗೆ ಹೊರಗಿನಿಂದ ದೊಡ್ಡ ಹೆಸರು ಯಾರೂ ಬಂದಿಲ್ಲ. ಫ್ರೀಮ್ಯಾಂಟಲ್‌ನಿಂದ ಬಂದ ಲಾಕಿ ಶುಲ್ಟ್ಸ್ ಫಾರ್ವರ್ಡ್. ಬಿಟ್ಟುಹೋದ ಟೇಲರ್ ಆಡಮ್ಸ್, ಜ್ಯಾಕ್ ಜಿನಿವನ್ ಕೂಡ ಡಿಫೆಂಡರ್‌ಗಳಲ್ಲ.

ಮೊದಲ ಪರೀಕ್ಷೆ ಯಾವಾಗ?

ಈ ವರ್ಷ ಲೀಗ್ ಹೊಸದಾಗಿ ಓಪನಿಂಗ್ ರೌಂಡ್ ಅಂತ ಮಾಡಿದೆ, ಪಂದ್ಯಗಳೆಲ್ಲ ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲ್ಯಾಂಡ್‌ನಲ್ಲಿ. ನಮಗೆ ಮಾರ್ಚ್ 9ರಂದು ಸಿಡ್ನಿಯಲ್ಲಿ ಜಿಡಬ್ಲ್ಯುಎಸ್ (ಗ್ರೇಟರ್ ವೆಸ್ಟರ್ನ್ ಸಿಡ್ನಿ) ಜೈಂಟ್ಸ್ ಎದುರಾಳಿ. ಹೋದ ಸೆಪ್ಟೆಂಬರ್‌ನ ಸೆಮಿಯಂಥ ಪಂದ್ಯದಲ್ಲಿ ಇದೇ ತಂಡವನ್ನು 58–57, ಒಂದೇ ಒಂದು ಅಂಕದಲ್ಲಿ ಸೋಲಿಸಿದ್ದು. ಅವರು ಮರೆತಿರಲ್ಲ. ಜೆಸ್ಸಿ ಹೋಗನ್ ಎತ್ತರದಲ್ಲಿ ಕಾಡುತ್ತಾನೆ, ಟೋಬಿ ಗ್ರೀನ್ ನೆಲದ ಮೇಲೆ. ಹೋಗನ್‌ಗೆ ಮೂರ್‌ನನ್ನು ಅಂಟಿಸಿದರೆ ಮೂರ್ ಆಟ ಹೋಯಿತು. ಅಂಟಿಸದಿದ್ದರೆ ಹೋಗನ್‌ನನ್ನು ನೋಡಿಕೊಳ್ಳುವವರು ಯಾರು? ಮತ್ತೆ ಅದೇ ಎರಡನೇ ಕೊಂಡಿಯ ಪ್ರಶ್ನೆ.

ಆಮೇಲೆ ಮಾರ್ಚ್ 15ಕ್ಕೆ ಸಿಡ್ನಿ ತಂಡ, 21ಕ್ಕೆ ಸೇಂಟ್ ಕಿಲ್ಡಾ ತಂಡ, 28ಕ್ಕೆ ಬ್ರಿಸ್ಬೇನ್‌ನ ಗಾಬಾದಲ್ಲಿ ಗ್ರ್ಯಾಂಡ್ ಫೈನಲ್ ಎದುರಾಳಿಗಳೇ. ಉಸಿರಾಡಲು ಬಿಡುವ ಪಟ್ಟಿ ಅಲ್ಲ.

ಮೈಸೂರಿನಲ್ಲಿರುವ ಅಪ್ಪನಿಗೆ ಇದನ್ನು ಹೇಗೆ ವಿವರಿಸಲಿ? ಕ್ರಿಕೆಟ್ ಬಿಟ್ಟು ಬೇರೆ ಕೇಳಲ್ಲ.

ಮೈದಾನದಿಂದ ಶುರು ಮಾಡಿ. ಕಾಲಿಂಗ್‌ವುಡ್ ಕಪ್ ಗೆದ್ದಾಗ 1,00,024 ಜನ ಕೂತಿದ್ದ ಎಂಸಿಜಿ (ಮೆಲ್ಬರ್ನ್ ಕ್ರಿಕೆಟ್ ಮೈದಾನ), ನಮ್ಮ ಮೈಸೂರಿನ ಬಿ.ಎಸ್. ಚಂದ್ರಶೇಖರ್ ಅವರು 1977ರ ಕೊನೆಯಲ್ಲಿ ಶುರುವಾದ ಟೆಸ್ಟಿನಲ್ಲಿ ಎರಡೂ ಇನಿಂಗ್ಸ್‌ನಲ್ಲಿ 52 ರನ್‌ಗೆ 6 ವಿಕೆಟ್ ಕಿತ್ತ ಮೈದಾನವೇ. ಆಸ್ಟ್ರೇಲಿಯಾದಲ್ಲಿ ಭಾರತ ಗೆದ್ದ ಮೊದಲ ಟೆಸ್ಟ್ ಅದು. ಕೆ.ಎಲ್. ರಾಹುಲ್, ಮಯಾಂಕ್ ಅಗರ್ವಾಲ್ ಮೊದಲ ಟೆಸ್ಟ್ ಆಡಿದ್ದೂ ಅಲ್ಲೇ. ನಾನು ಇಷ್ಟು ಹೇಳಿದ ಮೇಲೆ ನಮ್ಮಪ್ಪ ಸ್ವಲ್ಪ ಸುಮ್ಮನಿದ್ದು, "ಸರಿ, ಆ ಉದ್ದನೆ ಹುಡುಗ ಸ್ಲಿಪ್ಪಿನಲ್ಲಿ ನಿಂತರೆ ಕ್ಯಾಚ್ ಬಿಡಲ್ಲ ಬಿಡು" ಅಂದರು. ಅಷ್ಟು ಸಾಕು.

ಎಂಸಿಜಿಯಲ್ಲಿ ಎಲ್ಲಿ ಕೂತರೆ ಡಿಫೆನ್ಸ್ ಚೆನ್ನಾಗಿ ಕಾಣುತ್ತದೆ?

ಗೋಲಿನ ಹಿಂದೆ, ಮೇಲಿನ ಅಂತಸ್ತಿನಲ್ಲಿ. ಸಾಮಾನ್ಯವಾಗಿ ಟಿಕೆಟ್ಟೂ ಕಮ್ಮಿ. ಚೆಂಡನ್ನು ನೋಡಬೇಡಿ. ಚೆಂಡು ಆ ತುದಿಯಲ್ಲಿದ್ದಾಗ ಈ ತುದಿಯಲ್ಲಿರುವ ಮೂರ್‌ನನ್ನು ನೋಡಿ. ಅವನ ಕೈ ಯಾರಿಗೆ ಏನು ತೋರಿಸುತ್ತಿದೆ, ಯಾರು ಎರಡು ಹೆಜ್ಜೆ ಸರಿದರು ಅಂತ ನೋಡಿ. ರಾತ್ರಿ ಪಂದ್ಯಕ್ಕೆ ಒಂದು ಸ್ವೆಟರ್ ಇರಲಿ, ಏಪ್ರಿಲ್ ಅಂತ ನಂಬಬೇಡಿ.

ಮರ್ಫಿ ಕೊನೆಗೆ ಏನಾದ? (ಏಪ್ರಿಲ್‌ನಲ್ಲಿ ಸೇರಿಸಿದ್ದು)

ಮೇಲಿನದೆಲ್ಲ ಸೀಸನ್‌ಗೆ ಮುಂಚೆ ಬರೆದದ್ದು. ಏನನ್ನೂ ತಿದ್ದಿಲ್ಲ, ನನ್ನ ಅಂದಾಜು ತಪ್ಪಿದ್ದರೆ ತಪ್ಪಾಗಿಯೇ ಇರಲಿ. ಇದೊಂದನ್ನು ಮಾತ್ರ ಸೇರಿಸಬೇಕಾಯಿತು.

ಮರ್ಫಿ ಆಟ ನಿಲ್ಲಿಸಿದ. ವೈದ್ಯರ ಸಲಹೆಯ ಮೇಲೆ, 24ನೇ ವಯಸ್ಸಿಗೆ. ಅವನು ಆಡಿದ ಕೊನೇ ಪಂದ್ಯ ಆ ಗ್ರ್ಯಾಂಡ್ ಫೈನಲ್ಲೇ ಆಯಿತು, ಅದೂ ಪೂರ್ತಿ ಅಲ್ಲ. ಸುದ್ದಿ ಬಂದ ದಿನ ಆಫೀಸಿನಲ್ಲಿ ಕಾರ್ಲ್‌ಟನ್ ಕಡೆಯವರೂ ನನ್ನ ಟೇಬಲ್ ಹತ್ತಿರ ಬಂದು "ಸಾರಿ ಮೇಟ್" ಅಂದು ಹೋದರು. ಬೇರೆ ದಿನ ಆಗಿದ್ದರೆ ಅವರು ಕಾಲಿಂಗ್‌ವುಡ್ ಹೆಸರು ಕೇಳಿದರೇ ಮುಖ ಗಂಟು ಹಾಕಿಕೊಳ್ಳುವವರು. ಸಂಜೆ ಮಗ ಕೇಳಿದ, ಇನ್ನು ಮೂರ್ ಓಡಿಹೋದಾಗ ಅವನ ಆಳನ್ನು ಯಾರು ನೋಡ್ಕೋತಾರೆ ಅಂತ. ಹೌ ಇದ್ದಾನೆ, ಫ್ರಾಂಪ್ಟನ್ ಇದ್ದಾನೆ ಅಂದೆ. ಅವನು ತಲೆ ಆಡಿಸಿದ, ನಂಬಿದ ಹಾಗೆ ಕಾಣಲಿಲ್ಲ.